ಹೇಗೂ ಬಿಚ್ಚಿದ್ದೀವಲ್ಲ!

ಹಳೆಯ ಕಾರಿನ ಇಂಜಿನ್ ಕೈಕೊಟ್ಟರೆ ಮಾಲೀಕನಿಗೆ ಒಂದೇ ತಲೆನೋವು. ಕೈಕೊಡದೇ ಇದ್ದರೆ ನೂರೆಂಟು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಏರು ಹತ್ತುತ್ತದೆ, ನೀರು ಕುದಿಸುವುದಿಲ್ಲ. ಇಷ್ಟು ವಯಸ್ಸಾದ ಮೇಲೂ ಇಷ್ಟು ಸರಿಯಿದೆ ಎಂದರೆ ಒಳಗೊಳಗೇ ಏನೋ ಕೆಟ್ಟಿರಲೇಬೇಕು ಎಂಬ ಅನುಮಾನ ಶುರುವಾಗುತ್ತದೆ. ಬಾನೆಟ್ ಎತ್ತಿದರೆ ಸುತ್ತ ನಿಂತವರೆಲ್ಲ ತಜ್ಞರೇ. ಒಬ್ಬರಿಗೆ ಟಕಟಕ ಕೇಳಿಸುತ್ತದೆ, ಇನ್ನೊಬ್ಬರಿಗೆ ಹೊಗೆ ಕಾಣಿಸುತ್ತದೆ, ಮೂರನೆಯವರು ಎರಡನ್ನೂ ಕೂಡಿಸಿ “ಬೋರ್ ಮಾಡಿಸಿಬಿಡಿ ಸಾರ್, ಹೊಸದಾಗಿಬಿಡುತ್ತೆ” ಎಂದು, ಅಂದರೆ ಸಿಲಿಂಡರನ್ನೇ ಕೊರೆದು ಅಗಲ ಮಾಡಿಸಿ ಎಂದು, ತೀರ್ಪು ಕೊಡುತ್ತಾರೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ತೀರ್ಪಿಗೆ ತಲೆಬಾಗುವ ಮುಂಚೆ ಹೊಗೆಯನ್ನು ಸ್ವಲ್ಪ ವಿಚಾರಿಸಿ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಮೋಡ ನೀಲಿ ಹೊಗೆ (ಆಯಿಲ್ ಉರಿದದ್ದು) ಬಿಟ್ಟು ಸುಮ್ಮನಾದರೆ ಅದು ವಾಲ್ವಿನ ಬಳಿ ಆಯಿಲ್ ತಡೆಯುವ ವಾಲ್ವ್ ಸೀಲ್ ಕಥೆ. ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಬಂದು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಓಡಾಡುವ ಕೊಳವೆ, ಅಂದರೆ ವಾಲ್ವ್ ಗೈಡ್. ಏರಿನಲ್ಲಿ, ಭಾರ ಬಿದ್ದಾಗ, ಎಡೆಬಿಡದೆ ನೀಲಿ ಬಂದರೆ ಮಾತ್ರ ಪಿಸ್ಟನ್ ಸುತ್ತಲಿನ ರಿಂಗ್ ಮೇಲೆ ಅನುಮಾನ ಪಡಬೇಕು. ಕಪ್ಪು ಹೊಗೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ಗೆ ಸೇರಿದ್ದು, ಇಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಇಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಹೆಚ್ಚಿ ಇರುವ ಬರುವ ಸೀಲುಗಳಿಂದೆಲ್ಲ ಆಯಿಲ್ ಒಸರುತ್ತದೆ, ಹೊಗೆಯೂ ಬರುತ್ತದೆ. ಒಂದು ತಂತಿ, ಒಂದಿಷ್ಟು ಸೀಮೆಎಣ್ಣೆಯಲ್ಲಿ ಮುಗಿಯುವ ಈ ಕಾಯಿಲೆಗೆ ಇಂಜಿನ್ ಇಳಿಸಿದ ಮಹನೀಯರಿದ್ದಾರೆ.

ಆಮೇಲೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್. ಗೇಜ್ ಸುಳ್ಳು ಹೇಳುವುದಿಲ್ಲ, ಹಿಡಿದವರು ಹೇಳಿಸುತ್ತಾರೆ. ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ವಾಲ್ವ್ ತಳ್ಳುವ ಟ್ಯಾಪೆಟ್‌ನ ಸಂದು ಸರಿಯಿರಬೇಕು, ಪ್ಲಗ್ ನಾಲ್ಕೂ ಹೊರಗೆ, ಕಾಯಿಲ್‌ನ ವೈರ್ ಕಳಚಿರಬೇಕು, ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು. ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಸ್ಟಾರ್ಟರ್‌ನಿಂದ ಇಂಜಿನ್ ತಿರುಗಿಸಬೇಕು. ಆಕ್ಸಿಲರೇಟರ್ ಒತ್ತದೆ ಥ್ರಾಟಲ್ ಎಂಬ ಗಾಳಿಯ ಬಾಗಿಲು ಮುಚ್ಚಿದ್ದರೆ ಗಾಳಿಯೇ ಒಳಗೆ ಹೋಗುವುದಿಲ್ಲ, ಬ್ಯಾಟರಿ ಸುಸ್ತಾಗಿದ್ದರೆ ಇಂಜಿನ್ ಬೇಕಾದ ವೇಗದಲ್ಲಿ ತಿರುಗುವುದಿಲ್ಲ. ಎರಡೂ ಸೇರಿದರೆ ಗಟ್ಟಿಮುಟ್ಟಾದ ಇಂಜಿನ್ ಕೂಡ ಗೇಜಿನ ಮೇಲೆ ಸತ್ತು ಬಿದ್ದಂತೆ ಕಾಣುತ್ತದೆ. ಬ್ಯಾಟರಿ ಚಾರ್ಜ್ ಮಾಡಬೇಕಾದ ಜಾಗದಲ್ಲಿ ಬ್ಲಾಕ್ ಬೋರ್ ಮಾಡಿಸುವ ಪ್ರಸಂಗ ಬರುವುದು ಹೀಗೆ.

ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ನಾಲ್ಕೂ ಒಂದೇ ಸಮ ಬಂತೇ ಎನ್ನುವುದು ಮುಖ್ಯ. ನಾಲ್ಕೂ 120 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿನಲ್ಲಿದ್ದು, ಪರಸ್ಪರ ವ್ಯತ್ಯಾಸ ಶೇ. 10ರೊಳಗಿದ್ದರೆ ಸ್ಪಾನರ್ ಕೆಳಗಿಡಿ. ಒಂದೇ ಒಂದು 80ಕ್ಕೆ ಇಳಿದಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಸರಕ್ಕನೆ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಮಾತ್ರ ಬಿಚ್ಚಿ ವಾಲ್ವ್ ಗ್ರೈಂಡ್ ಮಾಡಿಸಿದರೆ ಸಾಕು. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಕೆಳಗಿನ ಪದರ, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ ಎಂದೇ ಮೊದಲು ಊಹಿಸಬೇಕು. ಬಹಳ ದಿನ ನಿಂತಿದ್ದ ಕಾರಾದರೆ ರಿಂಗ್ ಸವೆಯದೆ ಬರೀ ಅಂಟಿಕೊಂಡಿರಲೂಬಹುದು. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಅಳೆಯುವ ತಾಳ್ಮೆ ಇರಬೇಕು, ಅಷ್ಟೆ.

ಸದ್ದಿನದೂ ಇದೇ ಹಣೆಬರಹ. ಮೇಲಿನಿಂದ ಬರುವ ಸಣ್ಣ ಟಿಕ್ ಟಿಕ್ ಟ್ಯಾಪೆಟ್‌ನದು. ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಹಾಕಿ ಸರಿಮಾಡಿದರೆ ತೆಪ್ಪಗಾಗುತ್ತದೆ. ಕೆಳಗಿನಿಂದ ದಬ್ ದಬ್ ಎಂದು ಭಾರವಾಗಿ ಬಂದರೆ ಮಾತ್ರ ಗಂಭೀರ. ಒಂದೊಂದೇ ಪ್ಲಗ್ಗಿನ ಕರೆಂಟ್ ತಪ್ಪಿಸುತ್ತ ಹೋಗಿ. ಯಾವ ಸಿಲಿಂಡರಿನಲ್ಲಿ ಸದ್ದು ತಗ್ಗಿತೋ ಅಲ್ಲಿಯ ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಹೋಗಿದೆ. ಆ ಕಾರನ್ನು ಮನೆವರೆಗೆ ಓಡಿಸುವುದೂ ಬೇಡ, ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬಂದರೆ ಮಾತಾಡಲು ಏನೂ ಉಳಿಯುವುದಿಲ್ಲ. ಆಯಿಲ್ ಪ್ರೆಶರ್ ಮುಳ್ಳು ಬಿದ್ದಿದ್ದರೆ ಮೊದಲು ಬೇರೊಂದು ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿ, ಡ್ಯಾಶ್‌ಬೋರ್ಡಿನ ಮುಳ್ಳಿಗೂ ಇಂಜಿನ್ನಿನಷ್ಟೇ ವಯಸ್ಸು. ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಫ್ಯೂಯಲ್ ಪಂಪಿನ ಡಯಾಫ್ರಂ ಹರಿದು ಪೆಟ್ರೋಲ್ ಕೆಳಗಿಳಿದಿದೆ, ತೆಳ್ಳಗಾದ ಆಯಿಲ್‌ಗೆ ಪ್ರೆಶರ್ ಎಲ್ಲಿಂದ ಬರಬೇಕು? ಆಯಿಲ್ ಹೆಚ್ಚಾಗಿದೆ ಎಂದು ಖುಷಿಪಡುವವರೂ ಉಂಟು.

ಇಷ್ಟೆಲ್ಲ ಹೇಳಿದರೂ ಬಿಚ್ಚುವವರು ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಆವರಿಸುವ ಜ್ವರದ ಹೆಸರು “ಹೇಗೂ ಬಿಚ್ಚಿದ್ದೀವಲ್ಲ”. ಹೊರಟಿದ್ದು ವಾಲ್ವ್ ಸೀಲಿಗೆ. ಹೇಗೂ ಹೆಡ್ ಬಿಚ್ಚಿದ್ದೀವಲ್ಲ, ಗೈಡ್ ಹಾಕೋಣ. ಹೇಗೂ ಗೈಡ್ ಹಾಕಿದ್ದೀವಲ್ಲ, ಪಿಸ್ಟನ್ ತೆಗೆದು ನೋಡೋಣ. ಇಂಜಿನ್ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ವಾಟರ್ ಪಂಪ್, ಇಂಜಿನ್ ಮೌಂಟಿಂಗ್, ಹೋಸ್ ಪೈಪ್. ಕೊನೆಗೆ ಹೇಗೂ ಇಂಜಿನ್ ಬೇ ಖಾಲಿಯಿದೆಯಲ್ಲ ಎಂದು ಪೇಂಟ್. ನ್ಯಾಯವಾಗಿ ಹೇಳಬೇಕೆಂದರೆ ಇದರಲ್ಲಿ ಕ್ಲಚ್ ಮತ್ತು ಹಿಂದಿನ ಆಯಿಲ್ ಸೀಲ್ ಹಾಕುವುದು ಜಾಣತನ, ಅವಕ್ಕಾಗಿ ಇನ್ನೊಮ್ಮೆ ಇಷ್ಟು ಕಳಚಲು ಯಾರಿಗೂ ಸೊಂಟವಿರುವುದಿಲ್ಲ. ಉಳಿದದ್ದು ಜ್ವರ.

ನಿಜವಾಗಿ ಸವೆದ ಇಂಜಿನ್ನಿನಲ್ಲೂ ಅರೆಬರೆ ಉಳಿತಾಯ ಬೇಡ. ಸಿಲಿಂಡರಿನ ಮೇಲ್ತುದಿಯಲ್ಲಿ ಬೆರಳಿಟ್ಟರೆ ಉಗುರಿಗೆ ಏಣು ಸಿಗುತ್ತದೆ, ರಿಂಗ್ ಅಲ್ಲಿಯವರೆಗೆ ತಲುಪದೆ ಉಳಿದ ಜಾಗ ಅದು. ಬರೀ ಹೊಸ ರಿಂಗ್ ಹಾಕಿದರೆ ಅದರ ಚೂಪಾದ ಅಂಚು ಆ ಏಣಿಗೆ ಹೊಡೆದು ಮುರಿಯುತ್ತದೆ. ಸವೆತ 0.2 ಮಿ.ಮೀ. ದಾಟಿದ್ದರೆ ಬೋರ್ ಮಾಡಿಸುವುದೇ ಲೇಸು. ಆದರೆ ಮೂಲ ಅಳತೆಗಿಂತ ದಪ್ಪನೆಯ ಓವರ್‌ಸೈಜ್ ಪಿಸ್ಟನ್ ಕೈಗೆ ಬರುವ ತನಕ ಬ್ಲಾಕನ್ನು ಲೇತ್‌ಶಾಪಿಗೆ ಕೊಡಬಾರದು. ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಬೇಕು. ಮೊದಲು 0.5 ಮಿ.ಮೀ. ಹೆಚ್ಚಿಗೆ ಬೋರ್ ಮಾಡಿಸಿ, ಆಮೇಲೆ ಹುಡುಕಿದಾಗ 0.75ರ ಪಿಸ್ಟನ್ ಮಾತ್ರ ಸಿಕ್ಕಿ, ಮತ್ತೆ ಬೋರ್ ಮಾಡಿಸಿದರೆ ಬ್ಲಾಕಿನ ಒಂದು ಆಯಸ್ಸು ಹೋದಂತೆ.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದ ಕೂಡಲೇ ಸಣ್ಣ ಐಡಲಿಂಗ್‌ನಲ್ಲಿ ಬಿಟ್ಟು ಅದರ ಗುಯ್‌ಗುಡುವಿಕೆ ಆಲಿಸುವ ಆಸೆ ಎಲ್ಲರಿಗೂ. ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಹೊಸದು ಹಾಕಿದ್ದರೆ ಆ ಆಸೆಯೇ ಅದನ್ನು ತಿಂದುಹಾಕುತ್ತದೆ. ಚಪ್ಪಟೆ ಟ್ಯಾಪೆಟ್‌ನ ಹಳೆಯ ಇಂಜಿನ್‌ಗಳಲ್ಲಿ ಕ್ಯಾಮ್‌ಗೆ ಆಯಿಲ್ ಸಿಗುವುದು ಬಹುಮಟ್ಟಿಗೆ ಕೆಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎರಚುವ ಹನಿಗಳಿಂದ, ಐಡಲಿಂಗ್‌ನಲ್ಲಿ ಅದು ಸಾಲುವುದಿಲ್ಲ. ಆದ್ದರಿಂದ ಸತುವಿನ ಅಂಶ ಹೆಚ್ಚಿರುವ ಆಯಿಲ್ ತುಂಬಿ, ಸ್ಟಾರ್ಟ್ ಆದ ಕ್ಷಣದಿಂದಲೇ 2,000 ಆರ್‌ಪಿಎಂಗೆ ಏರಿಸಿ, 20 ನಿಮಿಷ ಹಾಗೇ ಹಿಡಿದಿಡಬೇಕು. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.