ಅರ್ಧ ಮಿರ್ಚಿ

ನಾಳಿ ಮುಂಜಾನಿ ಮತ್ತ ಖಾಲಿ ಹೊಟ್ಟೀಲೆ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಬೇಕು. ಇವತ್ತೂ ಹಂಗೇ ಹೋಗಿದ್ದೆ. ಸಿಟ್ಟು ಇನ್ನಾ ಇಳಿದಿಲ್ಲ, ಅದಕ್ಕ ಬರೀಲಿಕತ್ತೀನಿ.

ಹದಿನೈದು ದಿನದಿಂದ ಬಲಗಡಿ ಪಕ್ಕೆಲುಬಿನ ಕೆಳಗ ಚುಚ್ಚಿದಂಗ ಆಗ್ತಿತ್ತು, ಪಿತ್ತಕೋಶದಾಗ ಹರಳು ಆಗ್ಯಾವೇನೋ ನೋಡೋಣು, ರಾತ್ರಿ ಹತ್ತರ ಮ್ಯಾಲ ನೀರು ಬಿಟ್ಟು ಏನೂ ಬ್ಯಾಡ ಅಂದ್ರು ಡಾಕ್ಟರ್. ಒಬ್ಬನೇ ಹೋಗಿದ್ರ ಎಲ್ಲಾ ಸುಸೂತ್ರ ಆಗ್ತಿತ್ತು. ಜೋಡಿಗಿ ಕಾಕಾ ಬಂದ್ರು.

ನಮ್ಮ ಕಾಕಾಗ ದವಾಖಾನಿ ಅಂದ್ರ ಜಾತ್ರಿ ಇದ್ದಂಗ. ನನ್ನ ಟೋಕನ್ 23, ಒಳಗ ನಡದದ್ದು 6. ಕಾಕಾ ಹೊರಗ ಬಂಡಿಗಿ ಹೋಗಿ ಸುಸಲಾ ಮಿರ್ಚಿ ಕಟ್ಟಿಸ್ಕೊಂಡು ಬಂದು ನನ್ನ ಬಾಜೂಕೇ ಕುಂತು ಪೇಪರ್ ಬಿಚ್ಚಿದ್ರು. ಸುಮ್ನ ತಿಂದ್ರ ನಡೀತದ, ಅವರು ಕಾಮೆಂಟ್ರಿ ಹೇಳ್ಕೋತ ತಿಂತಾರ. “ಕಲಬುರಗ್ಯಾಗ ಮಿರ್ಚಿ ಅಂದ್ರ ಇದು ನೋಡು ತಮ್ಮಾ, ಒಳಗ ಓಮು, ಜೀರಗಿ ತುಂಬ್ಯಾನ, ಹಿಟ್ಟು ಹ್ಯಾಂಗ ಕರಂ ಅನ್ಲಿಕತ್ತದ...” ಪೇಪರ್ ಮ್ಯಾಲ ಎಣ್ಣಿ ಹರಡಿ ಸಿನಿಮಾ ಹೀರೋನ ಮಾರಿ ಆರ್‌ಪಾರ್ ಕಾಣ್ಲಿಕತ್ತಿತ್ತು.

ಮನುಷ್ಯಾಗ ದಿನಕ್ಕ ಒಂದು, ಒಂದೂವರಿ ಲೀಟರ್ ಜೊಲ್ಲು ಬರ್ತದಂತ. ನಂದು ದಿನದ ಕೋಟಾ ಆ ಅರ್ಧ ತಾಸಿನಾಗೇ ಮುಗೀತು. ರಷ್ಯಾದ ವಿಜ್ಞಾನಿ ಪಾವ್ಲೊವ್, ನಾಯಿ ತಿಂದದ್ದು ಹೊಟ್ಟಿಗಿ ಮುಟ್ಟದಂಗ ಮಾಡಿ, ಆದ್ರೂ ಜಠರರಸ ಸುರೀತದ ಅಂತ ತೋರಿಸಿದ, ಪಚನದ ಕೆಲಸಕ್ಕೇ 1904ರಾಗ ಅವಗ ನೊಬೆಲ್ ಬಂತು. ನನಗ ತಿನ್ನೋದೂ ಇಲ್ಲ, ಬರೇ ಕಾಮೆಂಟ್ರಿಗೇ ಹೊಟ್ಟಿ ಗುರ್ ಅಂತು.

“ಅರ್ಧ ತಿನ್ನು,” ಅಂದ್ರು ಕಾಕಾ.

“ಊಟ ಮಾಡಬಾರ್ದಂತ ಹೇಳ್ಯಾರ ಕಾಕಾ.”

“ಇದ್ಯಾವ ಊಟಲೇ? ರೊಟ್ಟಿ ಇಲ್ಲದ ಊಟ ಹ್ಯಾಂಗ ಆಗ್ತದ?”

ಹಸಿದವಗ ಈ ಮಾತು ಭಾಳ ಖರೇ ಅನ್ನಿಸ್ತು. ತಿಂದೆ.

ಮುಕ್ಕಾಲು ತಾಸಿಗಿ ನನ್ನ ಪಾಳಿ ಬಂತು. ಹೊಟ್ಟಿ ಮ್ಯಾಲ ತಣ್ಣನ ಜೆಲ್, ಉಸಿರು ಹಿಡೀರಿ, ಬಿಡ್ರಿ. ಮೇಡಂ ಸ್ಕ್ರೀನ್ ನೋಡ್ಕೋತ “ಏನು ತಿಂದೀರಿ?” ಅಂದ್ರು. ಏನೂ ಇಲ್ಲ ಅಂದೆ. “ಏನೋ ತಿಂದೀರಿ.” ಅರ್ಧ ಮಿರ್ಚಿ ಅಂತ ಬಾಯಿಬಿಡೂದ್ರಾಗ ಪರದಾ ಆಚಿಯಿಂದ ಕಾಕಾನ ದನಿ: “ಅರ್ಧಕ್ಕಿಂತ ಕಮ್ಮೀನೇ ಬರ್ತದ ರೀ ಮೇಡಂ, ದೊಡ್ಡ ಅರ್ಧ ನಾ ತಿಂದೀನಿ!” ಹೊರಗ ಕುಂತ ಟೋಕನ್ 24ರಿಂದ 40ರ ತನಾ ಎಲ್ಲಾರೂ ನಕ್ಕರು.

ಮೇಡಂ ಬಿಡಿಸಿ ಹೇಳಿದ್ರು. ಪಿತ್ತ ಮಾಡೋದು ಲಿವರ್, ಪಿತ್ತಕೋಶ ಬರೇ ಅದರ ಗೋದಾಮು, ಉಪವಾಸ ಇದ್ದಾಗ ತುಂಬಿ ನಿಂತಿರ್ತದ. ಎಣ್ಣಿ ಸಣ್ಣಕರುಳಿನ ಬಾಯಿಗಿ ಹತ್ತಿದ ಕೂಡ್ಲೇ ಅಲ್ಲಿಂದ ಕೊಲೆಸಿಸ್ಟೊಕೈನಿನ್ ಅನ್ನೋ ಹಾರ್ಮೋನು ರಕ್ತಕ್ಕ ಇಳೀತದ (ಹೆಸರು ಹೇಳಿ ಮುಗಿಸೂದ್ರಾಗ ನಂದು ಖಾಲಿ ಆಗಿರಬೇಕು), ಅದು ಬಂದು ಪಿತ್ತಕೋಶ ಹಿಂಡ್ತದ, ಮೇದೋಜೀರಕಕ್ಕೂ ರಸ ಬಿಡು ಅಂತದ. ಹಿಂಡಿದ ಚೀಲದಾಗ ಹರಳು ಹ್ಯಾಂಗ ಹುಡುಕ್ಲಿ, ನಾಳಿ ಬರ್ರಿ. ಅರ್ಧ ಮಿರ್ಚಿಗಿ ಒಳಗಿನ ಆಫೀಸೆಲ್ಲಾ ಎದ್ದು ನಿಂತದ, ಅರ್ಜಿ ಇಲ್ಲ ಸಹಿ ಇಲ್ಲ. ಮನ್ಯಾಗ ಮೋಟರ್ ಬಂದ್ ಮಾಡ್ರಿ ಅಂತ ನಾ ಮೂರು ಸಲ ಒದರಬೇಕು.

ಮನಿಗಿ ಬಂದು ಕಟ್ಟಿ ಮ್ಯಾಲ ಕುಂತಾಗ ಬಾಜೂ ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ಬಂತು, ಪಟ್ ಪಟ್ ಪಟ್. ಬಾಯಾಗ ನೀರು ಬಂತು. ನಮ್ಮವ್ವ ಹೋಗಿ ಎಂಟು ವರ್ಷ ಆಯ್ತು, ಈಗ ನಮ್ಮನಿಗಿ ಖಡಕ್ ರೊಟ್ಟಿ ಅಂಗಡಿಯಿಂದ ಬರ್ತಾವ. ಹೊಟ್ಟಿಗಿ ಇದನ್ನ ಯಾರೂ ತಿಳಿಸಿಲ್ಲ, ಸಪ್ಪಳ ಕೇಳಿದ್ರ ಇನ್ನಾ ತಾಟು ಬರ್ತದಂತ ಕಾಯ್ತದ.

ಈಗ ಕಾಕಾನ ಫೋನ್ ಬಂದಿತ್ತು.

“ತಮ್ಮಾ, ನಾಳಿ ಎಷ್ಟಕ್ಕ ಹೋಗೋಣು? ಆ ಬಂಡಿಯಂವ ಏಳಕ್ಕೇ ಹಚ್ಚತಾನಂತ.”