ನೋಡುವ, ತೂಕ, ನೋಕ್ಕಾಂ

ಕಾಸರಗೋಡಿನ ನಮ್ಮ ಕಡೆ ಮನೆಗಳು ಸಾಲಾಗಿಲ್ಲ. ಗುಡ್ಡದ ಬುಡದಲ್ಲೊಂದು ತೋಟ, ತೋಟಕ್ಕೊಂದು ಮನೆ. ಹಾಗಾಗಿ ಮಾತುಕತೆ ಶುರುವಾಗುವುದೇ ಕೂಗಿನಿಂದ. ಈಚೆಯಿಂದ ‘ಕೂ’ ಎಂದರೆ ಆಚೆಯಿಂದ ‘ಓಯ್’ ಎಂದು ಓಗೊಡಬೇಕು. ಆದರೆ ಕತ್ತಲಾದ ಮೇಲೆ ಒಂದೇ ಕೂಗಿಗೆ ಓಗೊಡಬಾರದು, ಮೂರು ಸಲ ಕರೆದರೆ ಮಾತ್ರ ಕರೆದವರು ಮನುಷ್ಯರು ಎಂಬುದು ಹಿರಿಯರ ಕಟ್ಟಪ್ಪಣೆ. ನಮ್ಮ ದೊಡ್ಡಮ್ಮ ಇದನ್ನು ಮೊಬೈಲಿಗೂ ಹಗಲಿಗೂ ವಿಸ್ತರಿಸಿದ್ದಾರೆ. ಮೊದಲ ಕರೆಗೆ ಅವರು ಕೈ ಹಾಕುವುದಿಲ್ಲ. ಅದು ಜಗಲಿಯ ಮೇಲೆ ಗುರುಗುಟ್ಟುತ್ತಾ ಸುಲಿದ ಅಡಿಕೆಯ ರಾಶಿಯತ್ತ ಸರಿಯುವುದನ್ನು ನೋಡುತ್ತಾ ಕೂರುತ್ತಾರೆ. ಮೂರನೆಯ ಸಲಕ್ಕೆ ‘ಓ’ ಎನ್ನುತ್ತಾರೆ. ನಾವೆಲ್ಲ ನಗುತ್ತಿದ್ದೆವು. ಬ್ಯಾಂಕಿನ ಹೆಸರು ಹೇಳಿ ಓಟಿಪಿ ಕೇಳುವವರ ಕಾಟ ಶುರುವಾದ ಮೇಲೆ ನಗು ನಿಂತಿತು. ಆ ಜಾತಿಯ ಪಿಶಾಚಿಗಳಿಗೂ ಮೂರು ಸಲ ಕರೆಯುವ ತಾಳ್ಮೆ ಇಲ್ಲ.

ಓಗೊಟ್ಟ ಮೇಲಿನ ಕಷ್ಟ ಬೇರೆಯೇ. ಹೌದು ಎನ್ನಲು ಇಲ್ಲಿ ಹವ್ಯಕರಲ್ಲಿ ‘ಅಪ್ಪು’, ತುಳುವರಲ್ಲಿ ‘ಅಂದ್’, ಮಲಯಾಳದಲ್ಲಿ ‘ಅತೆ’, ಕೊಂಕಣಿಯಲ್ಲಿ ‘ವ್ಹಯ್’. ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣಕಾರರು ಹೊಗಳುವುದು ಸುಮ್ಮನೆ ಅಲ್ಲ. ಆದರೆ ಏಳರಲ್ಲಿ ಯಾವ ಭಾಷೆಯಲ್ಲೂ ಯಾರೂ ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನುವುದಿಲ್ಲ. ಅದಕ್ಕೆ ಬದಲಾಗಿ ಕನ್ನಡದಲ್ಲಿ ‘ನೋಡುವ’, ತುಳುವಿನಲ್ಲಿ ‘ತೂಕ’, ಮಲಯಾಳದಲ್ಲಿ ‘ನೋಕ್ಕಾಂ’ ಇವೆ. ಮೂರಕ್ಕೂ ಅರ್ಥ ಒಂದೇ: ನನ್ನನ್ನು ನೆಚ್ಚಬೇಡಿ.

ಇದು ತಿಳಿಯದೆ ಕೆಟ್ಟವರು ನಮ್ಮ ಭಾವ. ಅವರು ಚಿತ್ರದುರ್ಗದ ಕಡೆಯವರು, ಕೊಟ್ಟ ಮಾತಿಗೆ ತಪ್ಪದ ಬಯಲುಸೀಮೆಯ ಮನುಷ್ಯ. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಿಸದಿದ್ದರೆ, ಎಂದರೆ ಸಿಂಪಡಿಸದಿದ್ದರೆ, ಕೊಳೆರೋಗ ಬಂದು ಎಳೆ ಕಾಯಿಗಳೆಲ್ಲ ಬುಡದಲ್ಲಿ ಉದುರುತ್ತವೆ. ನಾವು ಪೂಜೆಯೊಂದಕ್ಕೆ ಹೋಗಿದ್ದ ಸಂಜೆ ಮದ್ದು ಬಿಡುವವರು ಬಂದರಂತೆ. “ನಾಳೆ ಬೆಳಿಗ್ಗೆ ಬರುತ್ತೀರಲ್ಲ?” ಎಂದು ಭಾವ ಕೇಳಿದರು. “ತೂಕ” ಎಂದರು ಅವರು. “ತೂಕದ ಚಿಂತೆ ನಿಮಗೆ ಬೇಡ, ನಾನೇ ಸರಿಯಾಗಿ ಹಾಕಿಡುತ್ತೇನೆ” ಎಂದರು ಭಾವ. ಬಂದವರು ಭಾವನ ಮುಖವನ್ನೊಮ್ಮೆ ನೋಡಿ ಹೊರಟುಹೋದರು.

ಭಾವ ಮಾತು ಉಳಿಸಿಕೊಂಡರು. ಬೆಳಿಗ್ಗೆ ತಕ್ಕಡಿ ಹಿಡಿದು ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ತೂಗಿ, ಬೇರೆ ಬೇರೆಯಾಗಿ ಕರಗಿಸಿ, ಡ್ರಮ್ಮಿನಲ್ಲಿ ಆ ಮದ್ದು, ಎಂದರೆ ನೂರು ಲೀಟರ್ ಬೋರ್ಡೋ ದ್ರಾವಣ, ಸಿದ್ಧ ಮಾಡಿದರು. ಹೊಳೆಯುವ ಕತ್ತಿಯನ್ನು ಅದ್ದಿ, ಅಲಗಿಗೆ ತಾಮ್ರದ ಕೆಂಪು ಹತ್ತಿದ್ದು ಕಂಡು ಮತ್ತಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ಅದ್ದಿ ನೋಡಿದರು. ಆಕಾಶನೀಲಿ ದ್ರಾವಣ, ಒಂದು ಕುಂದು ಹೇಳುವಂತಿರಲಿಲ್ಲ. ಆದರೆ ಅದನ್ನು ಅಂದೇ ಬಿಟ್ಟು ಮುಗಿಸಬೇಕು, ನಾಳೆಗಿಟ್ಟರೆ ಕೆಲಸಕ್ಕೆ ಬಾರದು. ಹನ್ನೊಂದಾದರೂ ಜನ ಕಾಣದೆ ಫೋನ್ ಮಾಡಿದರೆ ಆಚೆಯಿಂದ ಶಾಂತವಾದ ಸ್ವರ: “ತೂಕ ಎಂದಿದ್ದೆನಲ್ಲ? ತೂಯೆ. ಆಯಿಜಿ.” ನೋಡುವ ಎಂದಿದ್ದೆ, ನೋಡಿದೆ, ಆಗಲಿಲ್ಲ. ಇಷ್ಟು ಪ್ರಾಮಾಣಿಕವಾದ ಉತ್ತರಕ್ಕೆ ಯಾರಾದರೂ ಏನು ಮರುಮಾತಾಡುವುದು? ಆ ದಿನ ಕೈಗೆಟಕುವ ಕರಿಮೆಣಸಿನ ಬಳ್ಳಿಗಳಿಗೆಲ್ಲ ರಾಜೋಪಚಾರ. ಭಾವನ ಬಿಳಿ ಪಂಚೆಗೂ ಅಂಗಳದ ತುಳಸಿಗೂ ಕೊಳೆರೋಗದ ಭಯ ತಪ್ಪಿತು.

ಬಾಯಿಮಾತಿನ ಉತ್ತರದ ಪಾಡು ಇದಾದರೆ, ಕಾಗದದ ಉತ್ತರಕ್ಕೆ ಹೊರಟವರು ದೊಡ್ಡಪ್ಪ. ನಿವೃತ್ತ ಕನ್ನಡ ಮಾಸ್ತರು, ಜೇಬಿನಲ್ಲಿ ಇಂದಿಗೂ ಕೆಂಪು ಪೆನ್ನು. ತಿರುವಿನಲ್ಲಿ ದಾರಿದೀಪ ಬೇಕೆಂದು ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಹಾಕಿದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರಿಗೆ ಅರ್ಜಿ ಬರೆದು ಕೈ ಪಳಗಿದೆ, ಕಾನೂನೂ ಬಾಯಿಪಾಠ. ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕು ಕೊಟ್ಟಿತು, ಉತ್ತರದ ಭಾಷೆಯ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಆ ಕೊರತೆ ತುಂಬಿದ್ದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ: ಕನ್ನಡದಲ್ಲಿ ಬರೆದ ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲೇ ಉತ್ತರಿಸಬೇಕು. ದೊಡ್ಡಪ್ಪ ಅರ್ಜಿಯ ಕೊನೆಗೆ ಇದನ್ನೂ ಬರೆದು ಅಡಿಗೆರೆ ಎಳೆದಿದ್ದರು.

ಉತ್ತರ ಮಲಯಾಳದಲ್ಲಿ ಬಂತು. ದೊಡ್ಡಪ್ಪ ಮಲಯಾಳವನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾರೆ, ಓದಲು ಬಾರದು. ನೆರೆಮನೆಯ ಹುಡುಗಿ ಓದಿ ಹೇಳಿದಳು: ಅರ್ಜಿ ತಲುಪಿದೆ, ಮುಂದಿನ ಕ್ರಮಕ್ಕೆ ಕಳುಹಿಸಲಾಗಿದೆ. ಪತ್ರಿಕೆಯಲ್ಲಾದರೆ ಇದನ್ನು ‘ಅಧಿಕಾರಿಗಳ ಸ್ಪಂದನೆ’ ಎನ್ನುತ್ತಾರೆ. ಸರಿಯಾದ ಪದವೇ. ಸ್ಪಂದಿಸುವುದೆಂದರೆ ಸಣ್ಣಗೆ ಅದುರುವುದು, ಎದ್ದು ನಿಲ್ಲುವುದೇನೂ ಅಲ್ಲ. ದೊಡ್ಡಪ್ಪ ಪತ್ರವನ್ನು ಮಡಚಿ ಮಾಡಿನ ತೊಲೆಯ ಸಂದಿಗೆ ಸಿಕ್ಕಿಸಿದರು. ಮಲಯಾಳದಲ್ಲಿ ಆ ತೊಲೆಗೂ ‘ಉತ್ತರಂ’ ಎಂದೇ ಹೆಸರು. ತಾನಿಲ್ಲದಿದ್ದರೆ ಲೋಕವೇ ನಡೆಯದು ಎಂದುಕೊಂಡವರನ್ನು ‘ಉತ್ತರ ಹೊತ್ತ ಹಲ್ಲಿ’ ಎಂದು ಮಲಯಾಳಿಗಳು ಗೇಲಿ ಮಾಡುತ್ತಾರೆ. ಕೆಲವು ಕಚೇರಿಗಳ ಬಾಗಿಲಿಗೆ ಬರೆಸಿ ಹಾಕಬಹುದು.

ಎರಡನೆಯ ಅರ್ಜಿಗೆ ಕನ್ನಡ ಲಿಪಿಯಲ್ಲೇ ಉತ್ತರ ಬಂತು: ‘ತಮ್ಮ ಅಪೇಕ್ಷೆಗೆ ಮರುಪಡಿ ಈ ಮೊದಲೇ ನೀಡಲಾಗಿದೆ.’ ಮಲಯಾಳದಲ್ಲಿ ಅರ್ಜಿಗೆ ‘ಅಪೇಕ್ಷ’ ಎನ್ನುತ್ತಾರೆ, ಉತ್ತರಕ್ಕೆ ‘ಮರುಪಡಿ’. ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡ ದೊಡ್ಡಮ್ಮ, “ಈ ವಯಸ್ಸಿನಲ್ಲಿ ನಿಮ್ಮದು ಏನು ಅಪೇಕ್ಷೆ?” ಎಂದರು.

ದೊಡ್ಡಪ್ಪ ಓಗೊಡಲಿಲ್ಲ. ಕೆಂಪು ಪೆನ್ನು ತೆಗೆದು ‘ಅಪೇಕ್ಷೆ’ಯನ್ನು ‘ಅರ್ಜಿ’ ಎಂದೂ ‘ಮರುಪಡಿ’ಯನ್ನು ‘ಉತ್ತರ’ ಎಂದೂ ತಿದ್ದಿದರು. ಮೂಲೆಯಲ್ಲಿ ಹತ್ತಕ್ಕೆ ನಾಲ್ಕು ಅಂಕ ಹಾಕಿ, ಪೋಷಕರ ಸಹಿಯೊಂದಿಗೆ ಮರಳಿಸತಕ್ಕದ್ದು ಎಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದಾರೆ.