ಪ್ರವೇಶ ಉಚಿತ: ನಿಮಗೂ, ನೊರೆಗೂ

ಬೆಂಗಳೂರಿನಲ್ಲಿ ಈಗ ಕೆರೆ ಹಬ್ಬಗಳ ಸುಗ್ಗಿ. ಬಡಾವಣೆಗೊಂದು ಕೆರೆ, ಕೆರೆಗೊಂದು ಹಬ್ಬ, ಹಬ್ಬಕ್ಕೊಂದು ಫ್ಲೆಕ್ಸ್. ಫ್ಲೆಕ್ಸಿನ ತುಂಬ ಕೈಮುಗಿದ ಮುಖಗಳು, ಮೂಲೆಯಲ್ಲಿ ಅಂಚೆಚೀಟಿಯಷ್ಟು ಕೆರೆ. ಆ ಕೆರೆಯೂ ನಮ್ಮದಲ್ಲ, ಹಿಂದೆ ಹಿಮ ಹೊದ್ದ ಬೆಟ್ಟ ಕಾಣುತ್ತಿದೆ. ಕೆಳಗೆ ದಪ್ಪಕ್ಷರದಲ್ಲಿ ‘ಕುಟುಂಬ ಸಮೇತ ಬನ್ನಿ, ಪ್ರವೇಶ ಉಚಿತ’.

ಇಡೀ ಫ್ಲೆಕ್ಸಿನಲ್ಲಿ ಅದೊಂದು ಮಾತ್ರ ಅಪ್ಪಟ ಸತ್ಯ. ಈ ಊರಿನ ಕೆರೆಗೆ ಪ್ರವೇಶ ಯಾವತ್ತೂ ಉಚಿತವೇ. ಅಪಾರ್ಟ್‌ಮೆಂಟಿನ ಕೊಳಚೆ ರಾಜಕಾಲುವೆ ಹಿಡಿದು ಟಿಕೆಟ್ಟಿಲ್ಲದೆ ಬರುತ್ತದೆ. ಒಡೆದ ಮನೆಗಳ ಮಣ್ಣು-ಇಟ್ಟಿಗೆ ನಡುರಾತ್ರಿ ಟಿಪ್ಪರ್ ಏರಿ ಬರುತ್ತವೆ. ಬಟ್ಟೆ ಒಗೆದ ಸೋಪಿನ ನೀರಂತೂ ಕುಟುಂಬ ಸಮೇತವೇ ಬರುತ್ತದೆ. ಇವರಲ್ಲಿ ಯಾರನ್ನೂ ಗೇಟಿನಲ್ಲಿ ತಡೆದದ್ದಿಲ್ಲ. ತಡೆಯುವುದು ಬೆಳಿಗ್ಗೆ ವಾಕಿಂಗ್‌ಗೆ ಬಂದವರನ್ನು ಮಾತ್ರ: ‘ಒಂಬತ್ತಾಯ್ತು, ಆಚೆ ನಡೀರಿ.’

ಹಿಂದೆ ಹಬ್ಬದ ದಿನವನ್ನು ಕೆರೆಯೇ ಗೊತ್ತು ಮಾಡುತ್ತಿತ್ತು. ಮಳೆ ಹುಯ್ದು, ಮೇಲಿನ ಕೆರೆ ಕೋಡಿ ಬಿದ್ದು, ಆ ನೀರು ಹರಿದು ಬಂದು ಕೆಳಗಿನ ಕೆರೆಯೂ ತುಂಬಿ ಕೋಡಿ ಬಿದ್ದರೆ ಊರವರು ತಮಟೆ ಹೊಡೆಸಿ, ಗಂಗಮ್ಮನಿಗೆ ಪೂಜೆ ಮಾಡಿ ಬಾಗಿನ ಬಿಡುತ್ತಿದ್ದರು. ಈಗ ದಿನ ಗೊತ್ತು ಮಾಡುವವರು ಶಾಸಕರ ಪಿಎ. ನಮ್ಮ ಶಾಸಕರಿಗೆ ಬಿಡುವಾದದ್ದು ಸುಡು ಬೇಸಿಗೆಯ ಒಂದು ಭಾನುವಾರ. ಅದಕ್ಕೇನೂ ಅಡ್ಡಿಯಾಗಲಿಲ್ಲ. ಬೆಂಗಳೂರಿನ ಕೆರೆಗಳು ಬೇಸಿಗೆಯಲ್ಲೂ ತುಂಬಿಯೇ ಇರುತ್ತವೆ. ಮಳೆ ಕೈಕೊಟ್ಟರೂ ಕಕ್ಕಸು ಕೈಕೊಡುವುದಿಲ್ಲ.

ಬಾಗಿನ ಬಿಡುವ ಮುಹೂರ್ತ ಹತ್ತೂವರೆಗೆ. ಮೊರದಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ಕಣ, ಐದು ಬಗೆ ಧಾನ್ಯ, ಎಲ್ಲವೂ ಶಾಸ್ತ್ರೋಕ್ತ. ಶಾಸಕರು ದಂಪತಿ ಸಮೇತ ಕೋಡಿಯ ಬಳಿ ನಿಂತು, ಬಲಗೈಯಲ್ಲಿ ಮೊರ, ಎಡಗೈಯಲ್ಲಿ ಮೂಗು ಹಿಡಿದು, ಭಕ್ತಿಯಿಂದ ಬಿಟ್ಟರು. ಬಾಗಿನ ಮುಳುಗಲಿಲ್ಲ. ತೇಲಲೂ ಇಲ್ಲ. ಎದೆಮಟ್ಟ ಎದ್ದಿದ್ದ ನೊರೆಯ ಮೇಲೆ ಮೆತ್ತಗೆ ಕೂತುಬಿಟ್ಟಿತು. ಮಂಗಳವಾದ್ಯದವರು ಊದುತ್ತಲೇ ಇದ್ದರು, ಬಾಗಿನ ಕೂತೇ ಇತ್ತು. ಕೊನೆಗೆ ಶಾಮಿಯಾನದ ಹುಡುಗ ಒಂದು ಬೊಂಬು ತಂದು ಗಂಗಮ್ಮನ ಮಡಿಲಿಗೆ ತಿವಿದು ತಿವಿದು ತಳ್ಳಿದ. ‘ಸಾರ್, ಬೊಂಬು ಬಂದ್ಬಿಡ್ತು ಫೋಟೋದಲ್ಲಿ, ಇನ್ನೊಂದ್ಸಲ ಬಿಡಿ’ ಅಂದ ಫೋಟೋಗ್ರಾಫರ್. ಇನ್ನೊಂದು ಬಾಗಿನ ಎಲ್ಲಿಂದ ತರುವುದು? ಖಾಲಿ ಮೊರದಲ್ಲೇ ಮತ್ತೆ ಬಿಟ್ಟರು.

ಭಾಷಣದಲ್ಲಿ ಶಾಸಕರು, ‘ತಾಯಿ ಗಂಗವ್ವ ಸಂತೋಷಕ್ಕೆ ಉಕ್ಕಿ ಹರೀತಿದ್ದಾಳೆ’ ಅಂದರು. ಸೋಪು, ಶಾಂಪೂ ಬೆರೆತ ಕೊಳಚೆ ಕೋಡಿಯಿಂದ ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ ಎಂದು ವಿಜ್ಞಾನಿಗಳು ಹೇಳಿ ಎಷ್ಟೋ ಕಾಲವಾಯಿತು. ಆದರೆ ವಿಜ್ಞಾನಿಗಳಿಗೆ ವೇದಿಕೆಯಲ್ಲಿ ಕುರ್ಚಿ ಇರಲಿಲ್ಲ. ನಿರೂಪಕಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ನಮ್ಮೂರ ಕೆರೆಗಳು ವಿಶ್ವವಿಖ್ಯಾತ’ ಎಂದರು. ಸುಳ್ಳೇನಲ್ಲ. ಬೆಳ್ಳಂದೂರು ಕೆರೆ 2015ರಲ್ಲಿ ಹೊತ್ತಿತು, 2017ರಲ್ಲಿ ಹೊತ್ತಿತು, 2018ರ ಜನವರಿಯಲ್ಲಿ ಹೊತ್ತಿದಾಗ ಆರಿಸಲು ಸೇನೆಯ ಯೋಧರೇ ಇಳಿಯಬೇಕಾಯಿತು. ಬೆಂಕಿಗೆ ನೀರು ಎರಚಬೇಕೆಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ನೀರೇ ಹೊತ್ತಿ ಉರಿದರೆ ಏನು ಎರಚಬೇಕೋ ಪಠ್ಯದಲ್ಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಸರ್ಕಾರದ ಬೊಕ್ಕಸವೆಂದರೆ ನಮ್ಮದೇ ಜೇಬು. ಹಾಗಾಗಿ ‘ಉಚಿತ ಪ್ರವೇಶ’ಕ್ಕೆ ನಾವು ಮುಂಗಡವಾಗಿಯೇ ಕಟ್ಟಿದ್ದೇವೆ.

ಮಕ್ಕಳಿಗೆ ‘ನನ್ನ ಕನಸಿನ ಕೆರೆ’ ಚಿತ್ರಕಲಾ ಸ್ಪರ್ಧೆ ಇತ್ತು. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ದೋಣಿ ಬಿಡಿಸಿದ ಹುಡುಗನಿಗೆ ಪ್ರಥಮ ಬಹುಮಾನ. ಒಂದು ಪುಟ್ಟ ಹುಡುಗಿ ಬಿಳಿ ಹಾಳೆಯನ್ನು ಹಾಗೇ ಕೊಟ್ಟಳು.

‘ಯಾಕಮ್ಮ, ಏನೂ ಬಿಡಿಸಿಲ್ಲ?’

‘ಬಿಡ್ಸಿದೀನಿ ಅಂಕಲ್, ನೊರೆ.’

ಸಮಾಧಾನಕರ ಬಹುಮಾನ ಬಂತು. ಸಮಾಧಾನ ಯಾರಿಗೆ ಬೇಕಿತ್ತೋ ತಿಳಿಯಲಿಲ್ಲ.

ಊಟದ ಸ್ಟಾಲುಗಳ ಕಡೆ ನೂಕುನುಗ್ಗಲು. ಮೀನು ಹುರಿಯುತ್ತಿದ್ದವನು ಕೇಳುವ ಮೊದಲೇ ಆಣೆ ಇಡುತ್ತಿದ್ದ: ‘ಕೆರೇದಲ್ಲ ಸಾರ್, ಮಲ್ಪೆದು!’ ಕುಡಿಯಲು ಕ್ಯಾನ್ ನೀರು, ಕೈ ತೊಳೆಯಲು ಟ್ಯಾಂಕರ್ ನೀರು. ಕೆರೆಗೆ ಬೆನ್ನು ಮಾಡಿ ತಿನ್ನಿ ಎಂದು ಯಾರೂ ಹೇಳಿರಲಿಲ್ಲ, ಆದರೂ ಎಲ್ಲರೂ ಹಾಗೇ ಕೂತಿದ್ದರು.

ಆಮೇಲೆ ಸನ್ಮಾನ. ಪಕ್ಕದ ಹಳ್ಳಿಯ, ಅಂದರೆ ಈಗಿನ ನಾಲ್ಕನೇ ಹಂತದ, ತೂಬು ಎತ್ತಿ ಗದ್ದೆಗಳಿಗೆ ಕೆರೆ ನೀರು ಬಿಡುತ್ತಿದ್ದ ಹಳೆಯ ನೀರಗಂಟಿಯೊಬ್ಬರನ್ನು ಕರೆತಂದಿದ್ದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ‘ಅಜ್ಜ, ಎರಡೇ ಮಾತು’ ಎಂದು ಮೈಕ್ ಕೊಟ್ಟರು. ಅಜ್ಜ ಎರಡೇ ಮಾತಾಡಿದರು.

‘ತೂಬು ಎಲ್ಲಯ್ತೆ ಸ್ವಾಮಿ? ಆಗ್ಲಿಂದ ಹುಡುಕ್ತಾ ಇವ್ನಿ. ನಿಮ್ಮ ಕುರ್ಚಿ ಕೆಳಗೇ ಇರಬೇಕು, ಒಸಿ ಎದ್ದೇಳಿ ನೋಡಾನ.’

ಶಾಸಕರು ನಕ್ಕರು, ಎದ್ದೇಳಲಿಲ್ಲ. ನಿರೂಪಕಿ ಮೈಕ್ ಕಿತ್ತುಕೊಂಡು ಜೋರು ಚಪ್ಪಾಳೆ ಕೇಳಿದರು. ಏರಿಗೆ ಟೈಲ್ಸ್ ಹಾಕುವಾಗ ತೂಬನ್ನೂ ಸೇರಿಸಿ ಹಾಕಿದ್ದರೆಂದು ಪಕ್ಕದಲ್ಲಿದ್ದ ಕಂಟ್ರಾಕ್ಟರು ಹೆಮ್ಮೆಯಿಂದಲೇ ಹೇಳಿದರು: ಫಿನಿಶಿಂಗ್ ಚೆನ್ನಾಗಿ ಬರಬೇಕಲ್ಲ.

ಹಾಗೆ ನೋಡಿದರೆ ಈ ಊರಿನ ಕೆರೆಗಳು ಬತ್ತಿ ಹೋದವು ಎನ್ನುವುದು ಅಪಪ್ರಚಾರ. ಅವು ಬಡ್ತಿ ಪಡೆದಿವೆ, ಹೆಚ್ಚಿನವು ಕ್ರೀಡಾ ಕೋಟಾದಲ್ಲಿ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಕಲಿಯಿತು, ಕೋರಮಂಗಲದ ಕೆರೆ ರಾಷ್ಟ್ರೀಯ ಕ್ರೀಡಾಗ್ರಾಮಕ್ಕೆ ಸೇರಿತು. ಧರ್ಮಾಂಬುಧಿ ಸಾರಿಗೆ ಇಲಾಖೆಗೆ ಹೋಗಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಈ ವರ್ಗಾವಣೆ ಆದೇಶದ ಪ್ರತಿ ಮಳೆಗೆ ಮಾತ್ರ ಇನ್ನೂ ತಲುಪಿಲ್ಲ. ಅದು ಹಳೆಯ ವಿಳಾಸಕ್ಕೇ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹಾಗೆ ಬಂದಾಗ, ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು.

ಸಂಜೆ ಹಬ್ಬ ಮುಗಿಯಿತು. ಪೇಪರ್ ತಟ್ಟೆ, ನೀರಿನ ಬಾಟಲಿ, ‘ಕೆರೆ ಉಳಿಸಿ’ ಎಂದು ಬರೆದ ಬಲೂನು ಏರಿಯುದ್ದಕ್ಕೂ. ಯಾರು ಎತ್ತಬೇಕೆಂಬ ಚರ್ಚೆ ಅಲ್ಲೇ ಶುರುವಾಯಿತು. ಬೇಲಿಯೊಳಗಿನದು ಪಾಲಿಕೆಯದು, ಕೊಳಚೆ ಜಲಮಂಡಳಿಯದು, ಅಂಗಳ ಕಂದಾಯದ್ದು, ಮೀನು ಮೀನುಗಾರಿಕೆಯದು. ಅದರ ಮೇಲೆ ಈಗ ಒಂದು ಪಾಲಿಕೆ ಐದಾಗಿದೆ, ಬಲೂನು ಯಾರ ಗಡಿಯಲ್ಲಿ ಒಡೆಯಿತೋ ನೋಡಬೇಕು. ತೀರ್ಮಾನವಾಗುವ ಮೊದಲೇ ಗಾಳಿ ಬೀಸಿ ಎಲ್ಲವನ್ನೂ ಕೆರೆಗೆ ಹಾಕಿತು. ಕಡತ ಮುಕ್ತಾಯ.

ಸಮಿತಿಯ ಪರಾಮರ್ಶೆ ಸಭೆ ಶಾಮಿಯಾನ ಬಿಚ್ಚುವ ಮೊದಲೇ ನಡೆಯಿತು. ಹಬ್ಬ ನಿರೀಕ್ಷೆ ಮೀರಿ ಯಶಸ್ವಿ, ತೊಂದರೆಯಾದದ್ದು ಒಂದೇ: ಕಾರು ನಿಲ್ಲಿಸಲು ಜಾಗ ಸಾಲಲಿಲ್ಲ. ಮುಂದಿನ ವರ್ಷದ ಹಬ್ಬದೊಳಗೆ ಕೆರೆಯ ಉತ್ತರದ ಅಂಚಿಗೆ ಎರಡು ಎಕರೆ ಮಣ್ಣು ತುಂಬಿಸಿ ಪಾರ್ಕಿಂಗ್ ಮಾಡಿಕೊಡಬೇಕೆಂದು ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಠರಾವು ಸರ್ವಾನುಮತದಿಂದ ಪಾಸಾಯಿತು. ಪಾರ್ಕಿಂಗೂ ಉಚಿತವಂತೆ.